ಕೂಗಿ ಹೋಗುವ ದಾರಿ

ಬಳಸಿದ ಜಿಪಿಎಸ್ ಸಾಧನವೊಂದನ್ನು ಪರಿಚಿತರೊಬ್ಬರಿಂದ ಕೊಂಡು ತಿಪಟೂರಿನ ನಮ್ಮ ಮನೆಗೆ ತಂದ ದಿನ, ಅದರ ಅಂಗೈಯಗಲದ ಪರದೆಯ ಮೇಲೆ ನಮ್ಮ ಸೀಮೆಯೆಲ್ಲ ಒಂದು ಬಿಳಿಯ ಬಯಲಾಗಿತ್ತು. ಒಂದು ಹೆದ್ದಾರಿ, ನಾಲ್ಕಾರು ದೊಡ್ಡ ಊರುಗಳ ಹೆಸರು, ಅವುಗಳ ನಡುವೆ ನಾನು ನಿಂತಿರುವ ಜಾಗವನ್ನು ತೋರಿಸುವ ಒಂದು ಪುಟ್ಟ ಬಾಣ, ಇಷ್ಟೇ. ಉಪಗ್ರಹಗಳ ಸಂಕೇತದಿಂದ ನಾನು ಎಲ್ಲಿದ್ದೇನೆಂಬುದು ಅದಕ್ಕೆ ತಿಳಿಯುತ್ತಿತ್ತು. ನನ್ನ ಸುತ್ತ ಏನಿದೆಯೆಂಬುದು ತಿಳಿಯುತ್ತಿರಲಿಲ್ಲ. ಆ ತಿಳಿವನ್ನು ನಾವೇ ಅದರೊಳಗೆ ತುಂಬಬೇಕಾಗಿತ್ತು.

ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಮುಕ್ತ ನಕ್ಷೆಯೊಂದಿದೆ. ಅದರಿಂದ ಎರಡು ಕಡತಗಳನ್ನು ತೆಗೆದುಕೊಂಡೆ. ಒಂದರಲ್ಲಿ ರಸ್ತೆ, ಊರು, ಕೆರೆಗಳು. ಇನ್ನೊಂದರಲ್ಲಿ ನೆಲದ ಏರುತಗ್ಗುಗಳು. ಎರಡನ್ನೂ ಉಗುರಿನಷ್ಟು ದೊಡ್ಡದಾದ ಮೆಮೊರಿ ಕಾರ್ಡಿಗೆ ಸೇರಿಸಿ, ಕಾರ್ಡನ್ನು ಸಾಧನದ ಬ್ಯಾಟರಿಯ ಹಿಂದಿನ ಸೀಳಿನಲ್ಲಿ ಕೂರಿಸಬೇಕು. ಹೇಳುವುದಕ್ಕೆ ಸುಲಭ. ಆದರೆ ಕಡತವು ಇಂಥದೇ ಫೋಲ್ಡರಿನಲ್ಲಿ, ಇಂಥದೇ ಹೆಸರಿನಲ್ಲಿ ಇರಬೇಕೆಂಬ ನಿಯಮವನ್ನು ನಾನು ಎಲ್ಲಿಯೂ ಓದಿರಲಿಲ್ಲ. ಎರಡು ದಿನ ಕಾರ್ಡನ್ನು ಹಾಕುವುದು, ತೆಗೆಯುವುದು, ಅಂಗಳಕ್ಕೆ ಹೋಗಿ ಆಕಾಶದ ಕೆಳಗೆ ನಿಲ್ಲುವುದು, ಮತ್ತೆ ಒಳಗೆ ಬರುವುದು. ಮೂರನೆಯ ದಿನ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ಅಲ್ರೀ, ಬಸ್ ಸ್ಟ್ಯಾಂಡಿಗೆ ಹೋಗೋ ದಾರೀನೂ ಇನ್ಮೇಲೆ ಅದನ್ನೇ ಕೇಳ್ಕೊಂಡು ಹೋಗ್ತೀರಾ?"

ಅಂದು ಮಧ್ಯಾಹ್ನ ಕಡತದ ಹೆಸರು ಬದಲಿಸಿದೊಡನೆ ನಕ್ಷೆ ಮೂಡಿತು. ಒಂದೇ ಎತ್ತರದಲ್ಲಿರುವ ಜಾಗಗಳನ್ನೆಲ್ಲ ಸೇರಿಸಿ ಎಳೆದ ಸಮೋನ್ನತಿ ರೇಖೆಗಳನ್ನು ಶಾಲೆಯ ಭೂಗೋಳದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಮರೆತಿದ್ದೆ. ಈಗ ಚಿಕ್ಕನಾಯಕನಹಳ್ಳಿಯ ಗುಡ್ಡಗಳು ಕಂದು ಬಣ್ಣದ ಹೆಬ್ಬೆಟ್ಟಿನ ಗುರುತುಗಳಂತೆ ಒಂದರ ಪಕ್ಕ ಒಂದು ಕುಳಿತಿದ್ದವು. ಗೆರೆಗಳು ಒತ್ತೊತ್ತಾಗಿದ್ದಲ್ಲಿ ಏರು ಕಡಿದು. ದೂರದೂರ ಸರಿದಲ್ಲಿ ಉಸಿರಿಗೆ ಬಿಡುವು. ನೆಲದ ಭಾಷೆಯೊಂದನ್ನು ಓದಲು ಬಂದಿತೆಂಬ ಸಂತೋಷವನ್ನು ನಾನು ಮುಚ್ಚಿಡಲಿಲ್ಲ.

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ಓದುವ ದಿನಗಳಲ್ಲಿ ಚರ್ಚಾಸ್ಪರ್ಧೆಯ ವೇದಿಕೆಗಳನ್ನು ಏರಿಳಿದು, ಯಾವ ಮಾತನ್ನೇ ಆದರೂ ಮೂರು ಅಂಶಗಳಲ್ಲಿ ಮಂಡಿಸಿ, ನಾಲ್ಕನೆಯದರಲ್ಲಿ ಎದುರಾಳಿಗೆ ಉತ್ತರಿಸುವ ಅಭ್ಯಾಸ ಬೆಳೆಸಿಕೊಂಡವನು. ಅರಿವು ಕೆಲವರ ಸ್ವತ್ತಾಗಬಾರದು ಎಂಬ ವಿಷಯದ ಪರವಾಗಿ ನಾನು ಎಷ್ಟು ಸಲ ಮಾತನಾಡಿದ್ದೆನೋ ಲೆಕ್ಕವಿಲ್ಲ. ನಮ್ಮ ತಾಲ್ಲೂಕುಗಳ ಜನ ತಮ್ಮ ಗುಡ್ಡ, ಗೋಮಾಳ, ಕೆರೆಗಳನ್ನು ಕಾಲ್ನಡಿಗೆಯಲ್ಲಿ ನೋಡಿದರೆ ಅವುಗಳನ್ನು ಉಳಿಸಿಕೊಳ್ಳುವ ಮನಸ್ಸು ತಾನಾಗಿ ಬರುತ್ತದೆಂಬ ನಂಬಿಕೆಯಿಂದ ಭಾನುವಾರದ ನಡಿಗೆ ಬಳಗವೊಂದನ್ನು ಕಟ್ಟಿದ್ದೆ. ಹತ್ತು ಹನ್ನೆರಡು ಮಂದಿ ಬರುತ್ತಿದ್ದರು. ನಕ್ಷೆ ಆ ಕೆಲಸದ ಮುಂದಿನ ಹೆಜ್ಜೆಯೆಂದು ನಾನು ಪ್ರಾಮಾಣಿಕವಾಗಿಯೇ ಎಣಿಸಿದೆ.

ನಕ್ಷೆಯ ತಪ್ಪುಗಳು ಬೇಗನೆ ಕಂಡವು. ಆಕಾಶದಿಂದ ತೆಗೆದ ಚಿತ್ರ ನೋಡಿ ದೂರದ ಯಾರೋ ಬಣ್ಣ ಹಚ್ಚಿದ್ದರಿಂದ ನಮ್ಮ ತೆಂಗಿನ ತೋಟಗಳೆಲ್ಲ ಕಾಡೆಂದು ಹಸುರಾಗಿದ್ದವು. ಹುಳಿಯಾರಿನ ಕಡೆ ವರ್ಷಗಳಿಂದ ನೀರು ಕಾಣದ ಕೆರೆಗಳೂ ನೀಲಿಯಾಗಿ ತುಂಬಿ ನಿಂತಿದ್ದವು. ಶೆಟ್ಟಿಕೆರೆಯ ಆಚೆ, ಗುಡ್ಡದ ಬುಡದಲ್ಲಿರುವ ಇಪ್ಪತ್ತಕ್ಕೂ ಹೆಚ್ಚು ಮನೆಗಳ ಹಟ್ಟಿಯೊಂದು ನಕ್ಷೆಯಲ್ಲಿ ಇರಲೇ ಇಲ್ಲ. ನಮ್ಮ ಬಳಗ ಗುಡ್ಡ ಹತ್ತಿ ಇಳಿದಾಗಲೆಲ್ಲ ನೀರು, ಮಜ್ಜಿಗೆ ಕೊಡುತ್ತಿದ್ದುದು ಅದೇ ಹಟ್ಟಿ. ಇದ್ದವರನ್ನು ಇಲ್ಲವೆನ್ನುವ ನಕ್ಷೆಯನ್ನು ತಿದ್ದುವುದು ನನ್ನ ಕರ್ತವ್ಯವೆಂದುಕೊಂಡೆ.

ಬಸ್ಸಿನ ರಸ್ತೆಯಿಂದ ಹಟ್ಟಿಗೆ ಹತ್ತಿರದ ದಾರಿ ಒಂದು ತೆಂಗಿನ ತೋಟದೊಳಗೆ ಹಾದುಹೋಗುತ್ತದೆ. ಸಾಧನವನ್ನು ಕೈಯಲ್ಲಿ ಹಿಡಿದು ಆ ದಾರಿಯಲ್ಲಿ ನಡೆದೆ. ನಡೆದಂತೆಲ್ಲ ಅದು ತನ್ನೊಳಗೆ ಚುಕ್ಕಿಗಳನ್ನು ಉದುರಿಸುತ್ತ ಹೋಗುತ್ತದೆ. ಚುಕ್ಕಿಗಳು ಸೇರಿ ಗೆರೆಯಾಗುತ್ತವೆ. ಆದರೆ ಗರಿಗಳ ಚಪ್ಪರದ ಕೆಳಗೆ ಸಂಕೇತ ಸರಿಯಾಗಿ ಸಿಗದೆ ಗೆರೆ ಅತ್ತಿತ್ತ ತೂರಾಡಿತು. ಒಮ್ಮೆ ನಾನು ಬಾವಿಯೊಳಗಿದ್ದೇನೆಂದೂ ಅದು ಹೇಳಿತು. ಬೇರೆ ಬೇರೆ ದಿನ ಮೂರು ಸಲ ನಡೆದು, ಮೂರು ಗೆರೆಗಳ ನಡುವಿನದನ್ನು ಆರಿಸಿ, ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಮುಕ್ತ ನಕ್ಷೆಗೆ ಸೇರಿಸಿ, 'ಕಾಲುದಾರಿ' ಎಂದು ಗುರುತಿಸಿದೆ. ಹಟ್ಟಿಯ ಹೆಸರನ್ನು ಕನ್ನಡದಲ್ಲಿಯೇ ಬರೆದೆ. ನಕ್ಷೆಯ ಹೊಸ ಕಡತ ಬಂದಾಗ ಅದನ್ನು ಹಾಕಿಕೊಂಡು, ಹಟ್ಟಿಗೆ ಹೋಗಿ, ನಮಗೆ ಮಜ್ಜಿಗೆ ಕೊಡುತ್ತಿದ್ದ ಹೆಂಗಸಿಗೆ ತೋರಿಸಿದೆ. ಎರಡು ಹಸು ಸಾಕಿಕೊಂಡು, ಬೆಳಗ್ಗೆ ಹಾಲನ್ನು ಬಸ್ಸಿನ ರಸ್ತೆಯ ಊರಿನ ಡೇರಿಗೆ ಹೊತ್ತು ಹಾಕಿ ಬರುವವರು ಅವರು. ನಾವೆಲ್ಲ ಹಾಲಿನಕ್ಕ ಎನ್ನುತ್ತಿದ್ದೆವು.

"ನಮ್ ಹಟ್ಟಿ ಇದ್ರೊಳಗೈತಾ?" ಎಂದು ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನಮ್ ಹಸಾನೂ ಕಾಣ್ತದಾ?"

"ಹಸು ಕಾಣಲ್ಲಕ್ಕ. ಹಟ್ಟಿ, ದಾರಿ ಮಾತ್ರ."

"ಹಸಾನೇ ಕಾಣ್ದಿದ್ಮ್ಯಾಲೆ ಅದೆಂಥ ನಕ್ಷೆ ಬುಡಿ ಮೇಷ್ಟ್ರೇ."

ಆ ಚಳಿಗಾಲದಲ್ಲಿ ನಮ್ಮ ಬಳಗದವರಲ್ಲದ ಜನ ಗುಡ್ಡಕ್ಕೆ ಬರತೊಡಗಿದರು. ತುಮಕೂರಿನಿಂದ, ಬೆಂಗಳೂರಿನಿಂದ, ಇಬ್ಬರು ಮೂವರಾಗಿ, ಬೆನ್ನಿಗೆ ಚೀಲ ಹಾಕಿಕೊಂಡು. ಫೋನಿನಲ್ಲಿ ಅದೇ ಮುಕ್ತ ನಕ್ಷೆಯನ್ನು ಇಳಿಸಿಕೊಂಡು ಬಂದವರು. ನಾನು ಎಳೆದ ಗೆರೆಯನ್ನು ನನಗೆ ಗೊತ್ತಿಲ್ಲದ ಕಾಲುಗಳು ಹಿಡಿದು ನಡೆಯುತ್ತಿವೆಯೆಂದು ತಿಳಿದಾಗ ವೇದಿಕೆಯ ಮೇಲೆ ಎಂದೂ ಆಗದಷ್ಟು ತೃಪ್ತಿಯಾಯಿತು.

ಆಮೇಲೆ ಒಂದು ಸೋಮವಾರ ಬೆಳಗ್ಗೆ ಹಾಲಿನಕ್ಕನ ಫೋನು ಬಂತು.

"ಮೇಷ್ಟ್ರೇ, ತೋಟದ್ ದಾರಿಗೆ ತಂತಿ ಬಿಗ್ದವ್ರೆ. ಇವತ್ತು ಹಾಲು ಡೇರಿಗೆ ಹೋಗ್ನಿಲ್ಲ."

"ಯಾಕಕ್ಕ, ಏನಾಯ್ತು?"

"ಕೆರೆ ಏರಿ ಮ್ಯಾಲೆ ಸುತ್ಕಂಡು ಹೋಗೋ ಹೊತ್ಗೆ ಡೇರಿಯವ್ರು ಬಾಗ್ಲು ಹಾಕ್ಕಂಡು ಹೋಗಿದ್ರು. ಹೊತ್ಕಂಡ್ ಹೋದೋಳು ಹಂಗೇ ಹೊತ್ಕಂಬಂದೆ. ನೀವು ಯಾರ್ಯಾರ್ನೋ ಕರ್ಕಂಬಂದ್ರಂತಲ್ಲ, ಅದ್ಕೇ ಅಂತೆ."

"ನಾನು ಯಾರನ್ನೂ ಕರೆದಿಲ್ಲವಲ್ಲಕ್ಕ!"

"ನೀವ್ ಕರೀನಿಲ್ಲ. ನಿಮ್ ಪೆಟ್ಟಿಗೆ ಕರೀತಂತೆ ಕಣ್ರೀ."

ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು. ತೋಟದ ದಾರಿಯಲ್ಲಾದರೆ ಡೇರಿ ಕಾಲು ಗಂಟೆಯ ನಡಿಗೆ. ಏರಿಯ ಮೇಲೆ ಸುತ್ತಿದರೆ ಒಂದು ಗಂಟೆಗೂ ಹೆಚ್ಚು. ಕರೆದ ಹಾಲು ಡೇರಿ ಮುಚ್ಚುವ ಮುಂಚೆ ತಲುಪಬೇಕು. ತಲುಪದಿದ್ದರೆ ಅವರ ದಿನದ ದುಡಿಮೆಯೇ ವ್ಯರ್ಥ. ಹಟ್ಟಿಯಲ್ಲಿ ಹೀಗೆ ಹಾಲು ಹೊರುವವರು ಇನ್ನೂ ಐದಾರು ಮಂದಿ ಇದ್ದರು.

ಮಾರನೆಯ ದಿನ ರಜೆ ಹಾಕಿ ಹೊರಟೆ. ಬಸ್ಸಿನಲ್ಲಿ ಕುಳಿತು ವಾದವನ್ನು ಕಟ್ಟಿಕೊಂಡೆ. ಒಂದು, ತಲೆಮಾರುಗಳಿಂದ ಬಳಕೆಯಲ್ಲಿರುವ ದಾರಿ ಒಬ್ಬರ ಇಚ್ಛೆಗೆ ಬಿಟ್ಟದ್ದಲ್ಲ. ಎರಡು, ಅದರಿಂದ ಬದುಕುವವರ ಅಗತ್ಯ ದೊಡ್ಡದು. ಮೂರು, ಯಾರೋ ಹೊರಗಿನವರು ನಡೆದದ್ದಕ್ಕೆ ಊರಿನವರನ್ನು ಶಿಕ್ಷಿಸುವುದು ನ್ಯಾಯವಲ್ಲ. ಮೂರೂ ಗಟ್ಟಿಯಾದ ಅಂಶಗಳೇ.

ತೋಟದ ಒಡತಿ ಐವತ್ತರ ಆಸುಪಾಸಿನವರು. ಮಾರುಕಟ್ಟೆಯ ಓಡಾಟ ಗಂಡನದು. ತೋಟದ ಒಳಗಿನ ಆಡಳಿತ ಇವರದು. ನಾನು ಹೋದಾಗ ಕೊಬ್ಬರಿ ಶೆಡ್ಡಿನ ಮುಂದೆ ಚಾಪೆಯ ಮೇಲೆ ಕುಳಿತು, ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಚಿಪ್ಪನ್ನು ಬಿಟ್ಟು ಗುಡುಗುಡು ಎಂದರೆ ಅದು ಒಡೆಯಲು ಸಿದ್ಧ. ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ.

"ಕುತ್ಕಳಿ ಮೇಷ್ಟ್ರೇ," ಎಂದರು. "ನಿತ್ಕಂಡು ಭಾಷಣ ಮಾಡಿದ್ರೆ ಕಾಲು ನೋಯ್ತವೆ."

ಕುಳಿತೇ ಮಂಡಿಸಿದೆ. ಅವರು ಅಡ್ಡ ಮಾತನಾಡಲಿಲ್ಲ. ನನ್ನ ಒಂದೊಂದು ಅಂಶಕ್ಕೂ ಒಂದೊಂದು ಕಾಯಿ ಕಿವಿಯ ಹತ್ತಿರ ಹೋಗಿ ಬರುತ್ತಿತ್ತು. ಮೂರು ಮುಗಿದ ಮೇಲೆ ಕೇಳಿದರು: "ಆಯ್ತಾ?"

"ಆಯ್ತಮ್ಮ."

"ಶನಿವಾರ ಕಾಯಿ ಕೀಳುಸ್ತಿದ್ದೆ. ಆಳು ದೋಟಿ ಹಿಡ್ಕಂಡು ಗೊನೆಗೆ ಕುಡ್ಲು ಹಾಕವ್ನೆ, ಗೊನೆ ಮುರೀತೈತೆ, ಅಷ್ಟೊತ್ಗೆ ಬುಡದಾಗೆ ಒಬ್ಬ ಮನುಷ್ಯ. ಕಿವಿಗೆ ಅದೇನೋ ಸಿಗಿಸ್ಕಂಡವ್ನೆ, ಕೈಲಿ ಫೋನು, ತಲೆ ಬಗ್ಗಿಸ್ಕಂಡು ಬತ್ತಾವ್ನೆ. ನಾನು ಬಡ್ಕಂಡೆ, ಕೇಳ್ನಿಲ್ಲ. ಗೊನೆ ಅವನ ಹಿಂದ್ಕೆ ಬಿತ್ತು, ಒಂದ್ ಮಾರು. ಒಂದೇ ಒಂದ್ ಮಾರು ಮೇಷ್ಟ್ರೇ. ಅವನು ತಿರುಗಿ ನೋಡಿ, ಸಾರಿ ಮೇಡಂ, ಮ್ಯಾಪಲ್ಲಿ ದಾರಿ ಇತ್ತು ಅಂದು ಹೋದ. ನಮ್ ಆಳು ಆಮೇಲೆ ಕೂತೋನು ಅರ್ಧ ಗಂಟೆ ಏಳ್ನಿಲ್ಲ."

ಅವರು ಕೈಯಲ್ಲಿದ್ದ ಕಾಯನ್ನು ಚಾಪೆಯ ಮೇಲಿಟ್ಟರು.

"ಹೆಚ್ಚುಕಮ್ಮಿ ಆಗಿದ್ರೆ ಪೊಲೀಸ್ರು ನಿಮ್ ಪೆಟ್ಟಿಗೇನ ಕೇಳ್ತಿರ್ನಿಲ್ಲ, ನಮ್ಮ ಆಳನ್ನ ಕೇಳ್ತಿದ್ರು. ಅದಿರ್ಲಿ. ನೀವು ಈ ದಾರೀಲಿ ಮೊದ್ಲು ಬಂದಾಗ ಏನ್ ಮಾಡಿದ್ರಿ?"

ನೆನಪಿಸಿಕೊಳ್ಳಬೇಕಾಯಿತು. ತೋಟದ ಬಾಯಲ್ಲಿ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, "ಯಾರಿದ್ದೀರಪ್ಪಾ ತೋಟ್ದಾಗೆ? ದಾರಿಗ್ ಬತ್ತಿದೀವಿ!" ಎಂದು ಕೂಗಿದ್ದೆ. ಒಳಗಿನಿಂದ "ಬನ್ನಿ" ಎಂಬ ಉತ್ತರ ಬಂದ ಮೇಲೆ ಹೆಜ್ಜೆ ಇಟ್ಟಿದ್ದೆ. ನಮ್ಮ ಸೀಮೆಯಲ್ಲಿ ತೋಟದ ಒಳದಾರಿಯನ್ನು ಯಾರೂ ಮುಚ್ಚುವುದಿಲ್ಲ. ಆದರೆ ಕೂಗದೆ ಯಾರೂ ಒಳಗೆ ಹೋಗುವುದೂ ಇಲ್ಲ. ಮೇಲಿಂದ ಗೊನೆ ಬೀಳುತ್ತಿರಬಹುದು, ಒಳಗೆ ಹೆಂಗಸರು ಬಾವಿಯ ಬಳಿ ಸ್ನಾನ ಮಾಡುತ್ತಿರಬಹುದು, ಬಂದವನು ಕಾಯಿ ಕದಿಯುವವನಲ್ಲವೆಂದು ತಿಳಿಯಬೇಕು. ಮೂರು ಸಲ ಸಾಧನ ಹಿಡಿದು ನಡೆದಾಗಲೂ ಮೂರು ಸಲ ಕೂಗಿದ್ದೆ. ಹೊಸಿಲಲ್ಲಿ ಚಪ್ಪಲಿ ಬಿಡುವಷ್ಟು ಸಹಜವಾಗಿ ಕೂಗಿದ್ದರಿಂದ, ಅದೂ ದಾರಿಯ ಒಂದು ಭಾಗವೆಂಬುದು ನನಗೆ ಹೊಳೆದೇ ಇರಲಿಲ್ಲ.

"ಕೂಗಿ ಬಂದೆ," ಎಂದೆ.

"ಅದನ್ನ ನಕ್ಷೆಗೆ ಹಾಕಿದ್ರಾ?"

ಇಷ್ಟು ಚಿಕ್ಕ ಪ್ರಶ್ನೆಗೆ ನಾನು ಯಾವ ವೇದಿಕೆಯ ಮೇಲೂ ಸೋತಿರಲಿಲ್ಲ.

ಹಟ್ಟಿಯವರಿಗಾದರೂ ಒಂದು ಗೇಟು ಬಿಡಬಹುದಲ್ಲವೇ ಎಂದು ಕೇಳಿಕೊಂಡೆ. "ಗೇಟು ಇಟ್ರೆ ಹೊರಗ್ನೋರೂ ತಗೀತಾರೆ. ಬೀಗ ಹಾಕಿದ್ರೆ ಹಟ್ಟೀಲಿ ಎಷ್ಟ್ ಜನಕ್ಕೆ ಬೀಗದ್ ಕೈ ಕೊಡ್ಲಿ? ಹಾಲಿನಕ್ಕನ ಕಂಡ್ರೆ ನಂಗೂ ಅಯ್ಯೋ ಅನ್ನಿಸ್ತೈತೆ. ಆದ್ರೆ ತಂತಿಗೆ ಮುಖ ಗುರ್ತು ಸಿಗಲ್ವಲ್ಲ," ಎಂದರು. "ನಿಮ್ ನಕ್ಷೇಲಿ ಅದನ್ನ ಅಳಿಸಿ. ಆಮೇಲೆ ಮಾತಾಡಣ."

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತೆ. ಅಳಿಸಲು ನನ್ನ ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ದಾರಿ ಇರುವುದು ನಿಜ. ಇರುವುದನ್ನು ಇಲ್ಲವೆನ್ನುವ ನಕ್ಷೆಯ ವಿರುದ್ಧವೇ ಅಲ್ಲವೇ ನಾನು ಹೊರಟದ್ದು? ನಡುದಾರಿಯೊಂದು ಕಾಣಿಸಿತು. ಮುಕ್ತ ನಕ್ಷೆಯಲ್ಲಿ ಪ್ರತಿ ಗೆರೆಯ ಜೊತೆಗೂ ಟಿಪ್ಪಣಿ ಸೇರಿಸಬಹುದು. 'ಅನುಮತಿ ಪಡೆದು ಹೋಗತಕ್ಕದ್ದು' ಎಂದು ಗುರುತಿಸಿದೆ. ಹೊಸ ಕಡತ ಬಂದಾಗ ಸಾಧನಕ್ಕೆ ಹಾಕಿ ನೋಡಿದರೆ, ಟಿಪ್ಪಣಿ ಇದ್ದ ಗೆರೆಗೂ ಇಲ್ಲದ ಗೆರೆಗೂ ಆ ಪುಟ್ಟ ಪರದೆಯಲ್ಲಿ ಒಂದೇ ಬಗೆಯ ಚುಕ್ಕಿಗಳು. ಓದಬೇಕೆಂದವನು ಅದನ್ನು ಒತ್ತಿ, ಇನ್ನೊಂದು ಪುಟ ತೆರೆದು ನೋಡಬೇಕು. ತಲೆ ಬಗ್ಗಿಸಿ ನಡೆಯುವವನು ಯಾಕೆ ಒತ್ತುತ್ತಾನೆ?

ಇದನ್ನು ಪರೀಕ್ಷಿಸಿ ನೋಡುವುದರಲ್ಲಿ ಹಲವು ದಿನಗಳು ಕಳೆದಿದ್ದವು. ಅಷ್ಟು ದಿನವೂ ಹಾಲಿನಕ್ಕ ನಸುಕಿನಲ್ಲೇ ಎದ್ದು ಹಸುಗಳನ್ನು ಹೊತ್ತಿಗೆ ಮುಂಚೆ ಕರೆದು ಏರಿಯ ಮೇಲೆ ಸುತ್ತುತ್ತಿದ್ದರು. ಹೊತ್ತಿಗೆ ಮುಂಚೆ ಕರೆದರೆ ಹಸು ಪೂರ್ತಿ ಹಾಲು ಬಿಡುವುದಿಲ್ಲ ಎಂದು ಫೋನಿನಲ್ಲಿ ಒಮ್ಮೆ ಹೇಳಿದರು. ನಾನು ನನ್ನ ಸಿದ್ಧಾಂತಕ್ಕೆ ನಡುದಾರಿ ಹುಡುಕುತ್ತಿದ್ದ ದಿನಗಳವು.

ತೋಟದ ಒಳಗಿನ ಭಾಗವನ್ನು ಅಳಿಸಿದೆ. ರಸ್ತೆಯಿಂದ ತೋಟದ ಬಾಯಿಯವರೆಗೆ ಗೆರೆ ಇದೆ; ಆಚೆಯ ಬದುವಿನಿಂದ ಹಟ್ಟಿಗೆ, ಗುಡ್ಡಕ್ಕೆ ಗೆರೆ ಇದೆ; ನಡುವೆ ಏನೂ ಇಲ್ಲ. ಸುದ್ದಿ ತಿಳಿಸಲು ಒಡತಿಯ ಬಳಿಗೆ ಹೋದಾಗ, ಹೇಳಲೇಬೇಕಾದ ಇನ್ನೊಂದು ಸಂಗತಿ ನನ್ನಲ್ಲಿತ್ತು.

"ಅಳಿಸಿದ್ದೇನಮ್ಮ. ಆದರೆ ಈಗಾಗಲೇ ಫೋನಿಗೆ ಇಳಿಸಿಕೊಂಡವರಲ್ಲಿ ಹಳೆಯದೇ ಇರುತ್ತದೆ. ಅವರು ಹೊಸದನ್ನು ಹಾಕಿಕೊಳ್ಳುವವರೆಗೂ ದಾರಿ ಕಾಣುತ್ತಲೇ ಇರುತ್ತದೆ."

"ಯಾವತ್ತು ಹಾಕ್ಕಳ್ತಾರೆ?"

"ಗೊತ್ತಿಲ್ಲ. ಕೆಲವರು ತಿಂಗಳಿಗೆ. ಕೆಲವರು ಹಾಕಿಕೊಳ್ಳದೆಯೂ ಇರಬಹುದು."

ಸುಮ್ಮನಿದ್ದಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ತಿಳಿಸದೆ ತಂತಿ ತೆಗೆಸುವುದು ಎರಡನೆಯ ತಪ್ಪಾಗುತ್ತಿತ್ತು. ನಾನೇ ಹೇಳಿದೆ: "ಹೊರಗಿನವರು ಬರುವುದು ಹೆಚ್ಚಾಗಿ ಭಾನುವಾರ. ಭಾನುವಾರ ನಾನೇ ಬಂದು ತೋಟದ ಬಾಯಲ್ಲಿ ನಿಲ್ಲುತ್ತೇನೆ. ಬಂದವರಿಗೆ ಹೇಳಿ ಕೂಗಿಸುತ್ತೇನೆ. ಮಿಕ್ಕ ದಿನಕ್ಕೆ ಒಂದು ಬೋರ್ಡು ಬರೆಸಿ ನೆಡುತ್ತೇನೆ."

"ಎಷ್ಟ್ ವಾರ?"

"ಹಳೆಯ ನಕ್ಷೆ ಇರುವಷ್ಟು ವಾರ."

ಅವರು ಮೊದಲ ಸಲ ನಕ್ಕರು. "ನಿಮ್ ಮನೆಯವ್ರು ಒಪ್ತಾರಾ?"

"ಭಾನುವಾರ ಹೇಗೂ ಮನೆಯಲ್ಲಿ ಇರುತ್ತಿರಲಿಲ್ಲ."

"ಹಂಗಾರೆ ಸರಿ. ಒಂದ್ ಭಾನುವಾರ ನೀವು ಬರ್ನಿಲ್ಲ ಅಂದ್ರೆ ಸೋಮವಾರ ತಂತಿ ಬಿಗಿಸ್ತೀನಿ. ಆಮೇಲೆ ಕೇಳ್ಬ್ಯಾಡಿ."

ಮರುದಿನ ಬೆಳಗ್ಗೆ ಹಾಲು ಹೊತ್ತಿಗೆ ಸರಿಯಾಗಿ ಡೇರಿಗೆ ಹೋಯಿತು.

ಭಾನುವಾರಗಳು ಹೀಗೆ ಶುರುವಾದವು. ಬೋರ್ಡು ನೆಟ್ಟು, ಬಳಗವನ್ನು ಇನ್ನೊಬ್ಬರಿಗೆ ಒಪ್ಪಿಸಿ, ನಾನು ಮೊದಲ ಬಸ್ಸಿಗೆ ಬಂದು ತೋಟದ ಬಾಯಲ್ಲಿ ನಿಲ್ಲುತ್ತಿದ್ದೆ. ಬಂದವರಲ್ಲಿ ಹೆಚ್ಚಿನವರು ಒಳ್ಳೆಯವರು; ವಿಷಯ ಹೇಳಿದರೆ ನಗುತ್ತಲೇ ಕೂಗುತ್ತಿದ್ದರು. ಒಬ್ಬ ಯುವಕ ಮಾತ್ರ ತನ್ನ ಫೋನು ಮುಂದೆ ಹಿಡಿದು ನಿಂತ. ನಕ್ಷೆಯಲ್ಲಿ ದಾರಿ ಇದೆ. ಇದ್ದರೆ ಅದು ಎಲ್ಲರದು. ಎಲ್ಲರ ದಾರಿಯಲ್ಲಿ ಹೋಗಲು ಒಬ್ಬರನ್ನು ಕೇಳಬೇಕೆನ್ನುವುದು ಹಳೆಯ ಪಾಳೇಗಾರಿಕೆ. ಮೂರು ಅಂಶಗಳು, ಅಚ್ಚುಕಟ್ಟಾದ ಕ್ರಮ. ಅವನ ಕೈಯಲ್ಲಿದ್ದ ಗೆರೆ ನಾನೇ ಎಳೆದದ್ದೆಂದು ಹೇಳಿದೆ. ನಂಬಲಿಲ್ಲ. ಕೊನೆಗೆ, "ಒಳಗೆ ಗೊನೆ ಕೊಯ್ಯುತ್ತಿದ್ದಾರೆ, ಒಂದು ಸಲ ಕೂಗಪ್ಪ," ಎಂದೆ. ಮೇಲಿಂದ ಗೊನೆಯೊಂದು ದೊಪ್ಪೆಂದು ಬಿದ್ದ ಸದ್ದು ಕೇಳಿ ಅವನು ಕೂಗಿದ.

ಎಂಟನೆಯದೋ ಒಂಬತ್ತನೆಯದೋ ವಾರ ನನಗೆ ಜ್ವರ ಬಂತು. ಭಾನುವಾರ ಏಳಲಾಗಲಿಲ್ಲ. ಒಡತಿಗೆ ಫೋನು ಮಾಡಿದರೆ ಎತ್ತಲಿಲ್ಲ. ಹಾಲಿನಕ್ಕನಿಗೆ ಮಾಡಿ, ಮೈ ಸರಿಯಿಲ್ಲ, ನಾಳೆ ದಾರಿ ಮುಚ್ಚಬಹುದು, ಹಾಲನ್ನು ಬೇಗ ಕರೆದು ಹೊರಡಿ ಎಂದು ಹೇಳಿ ಮಲಗಿದೆ. ಸೋಮವಾರ ಮೈ ಬಿಸಿ ಇಳಿಯದಿದ್ದರೂ ಹೆಂಡತಿಯ ಮಾತು ಕೇಳದೆ ಮೊದಲ ಬಸ್ಸು ಹತ್ತಿದೆ. ತಂತಿ ಬಿಗಿಯುತ್ತಿರುವ ಆಳಿನ ಮುಂದೆ ನಿಂತು ಏನು ಹೇಳಬೇಕೆಂದು ಯೋಚಿಸಿದೆ.

ತೋಟದ ಬಾಯಿ ತೆರೆದೇ ಇತ್ತು. ಹಾಲಿನಕ್ಕ ತುಂಬಿದ ಕ್ಯಾನು ಹೊತ್ತು ಒಳಗಿನಿಂದ ಬರುತ್ತಿದ್ದರು.

"ಯಾಕ್ ಬಂದ್ರಿ ಮೇಷ್ಟ್ರೇ, ಮಖ ನೋಡಿದ್ರೆ ಬಸ್ಸಿನಾಗೇ ಸಾಯೋ ಹಂಗಿದೀರಿ."

"ನಿನ್ನೆ ಯಾರೂ ಇರಲಿಲ್ಲವಲ್ಲಕ್ಕ. ತಂತಿ..."

"ಯಾರೂ ಇರ್ನಿಲ್ಲ ಅಂತ ಯಾರು ಹೇಳಿದ್ರು? ಡೇರಿಯಿಂದ ಬಂದೋಳು ಇಲ್ಲೇ ಕುತ್ಕಂಡೆ. ಮಧ್ಯಾಹ್ನಕ್ಕೆ ನನ್ ವಾರಗಿತ್ತಿ ಬಂದ್ಲು. ಇಬ್ರು ಬಂದ್ರು, ಬೆನ್ ಮ್ಯಾಲೆ ಚೀಲ. ಕೂಗ್ರಪ್ಪಾ ಅಂದೆ. ನಾಚ್ಕಂಡು ಬೆಕ್ಕಿನ್ ಮರಿ ಹಂಗೆ ಮಿಯ್ ಅಂದ್ರು. ಮರದ್ ಮ್ಯಾಲಿರೋನಿಗೆ ಕೇಳ್ಬೇಕು, ಇನ್ನೊಂದಪ ಕೂಗಿ ಅಂದೆ."

"ತೋಟದಮ್ಮ ಏನಂದರು?"

"ಅವ್ರೇ ಒಳಗಿಂದ ಬಂದು ನೋಡಿ, ಮೇಷ್ಟ್ರಿಗಿಂತ ನೀನೇ ವಾಸಿ ಕಣೇ, ಭಾಷಣ ಇಲ್ಲ ಅಂದ್ರು."

ನಾನು ತೋಟದ ಬಾಯಿಯ ಕಲ್ಲಿನ ಮೇಲೆ ಕುಳಿತೆ. ಹಟ್ಟಿಯ ಹಾಲು ಹೊರುವ ಹೆಂಗಸರು ನಿನ್ನೆ ರಾತ್ರಿಯೇ ಮಾತನಾಡಿಕೊಂಡು ಭಾನುವಾರಗಳನ್ನು ಹಂಚಿಕೊಂಡಿದ್ದರಂತೆ. ನನ್ನನ್ನು ಕೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

"ಹಾಗಾದರೆ ಮುಂದಿನ ಭಾನುವಾರ ನಾನು ಬರಬೇಡವೇ?"

"ಬನ್ನಿ. ಯಾರ್ ಬ್ಯಾಡ ಅಂದ್ರು? ಸುಮ್ನೆ ಕುತ್ಕಂಡಿದ್ರೆ ಹೊತ್ತು ಹೋಗಲ್ಲ, ಮಾತಿಗೊಬ್ರು ಬೇಕು." ಅವರು ಕ್ಯಾನನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿಕೊಂಡರು. "ಈಗ ದಾರಿ ಬುಡಿ ಮೇಷ್ಟ್ರೇ, ಡೇರಿ ಬಾಗ್ಲು ಹಾಕ್ಬುಡ್ತಾರೆ."

ನಾನು ಕಾಲು ಮಡಚಿ ಪಕ್ಕಕ್ಕೆ ಸರಿದೆ. ಅವರು ಬಸ್ಸಿನ ರಸ್ತೆಯ ಕಡೆಗೆ ಬೇಗ ಬೇಗ ನಡೆದು ಹೋದರು.